ಮಾಧ್ಯಮಿಕ ಶಾಲೆಯಲ್ಲಿ ಇತಿಹಾಸ–ಭೂಗೋಳಗಳ ಗುರಿ: ಕಂಕನಾಡಿಯ ನಿದರ್ಶನ

ಶಾಲೆಯ ಇತಿಹಾಸ ಪುಸ್ತಕದಲ್ಲಿ ಯಾರ ಹೆಸರು ಇರಬೇಕು, ಯಾರ ವಿಚಾರವನ್ನು ಹೇಗೆ ಬರೆಯಬೇಕು ಎಂಬುದನ್ನು ಕುರಿತು ಕನ್ನಡ ನಾಡಿನಲ್ಲಿ ಆಗಾಗ ಬಿರುಸಾದ ಚರ್ಚೆ ನಡೆಯುವುದುಂಟು. ೨೦೨೨ರಲ್ಲಿ ರಾಜ್ಯದ ಪಠ್ಯಪುಸ್ತಕಗಳು ಪರಿಷ್ಕಾರಗೊಂಡಾಗ ಒಂಬತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಬಸವಣ್ಣನವರನ್ನು ಕುರಿತು ಬಂದ ಬರಹಕ್ಕೆ ಮಠಾಧೀಶರಿಂದಲೂ ವಿದ್ವಾಂಸರಿಂದಲೂ ಆಕ್ಷೇಪ ಬಂದಿತು. ಹತ್ತನೆಯ ತರಗತಿಯ ಸಮಾಜ ವಿಜ್ಞಾನದಿಂದ ನಾರಾಯಣ ಗುರುಗಳ ಪಾಠ ಬಿಟ್ಟುಹೋದುದಕ್ಕೆ ಕರಾವಳಿಯಲ್ಲಿ ವಿರೋಧ ವ್ಯಕ್ತವಾಯಿತು. ೧೯೧೨ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದವರು ಆ ಗುರುಗಳೇ ಆದುದರಿಂದ ಇಲ್ಲಿನ ಜನರಿಗೆ ಅದು ಮನೆಯ ಮಾತೇ ಆಗಿತ್ತು. ಮರುವರ್ಷ ಸರಕಾರ ಬದಲಾಯಿತು. ಪುಸ್ತಕಗಳನ್ನು ಮತ್ತೆ ತಿದ್ದುವ ಕಾರ್ಯ ನಡೆಯಿತು.

ಇಂತಹ ಚರ್ಚೆಗಳು ಅನಗತ್ಯವೆಂದು ಯಾರೂ ಹೇಳಲಾರರು. ಮಹಾಪುರುಷರ ಚರಿತ್ರೆಯಲ್ಲಿ ತಪ್ಪು ನುಸುಳಿದರೆ ಅದನ್ನು ತೋರಿಸಿಕೊಡುವುದು ತಿಳಿದವರ ಕರ್ತವ್ಯವೇ ಸರಿ. ಆದರೆ ಈ ಗದ್ದಲದಲ್ಲಿ ಇನ್ನೊಂದು ಪ್ರಶ್ನೆ ಪ್ರತಿಸಲವೂ ಹಿಂದೆ ಉಳಿಯುತ್ತದೆ. ಪುಸ್ತಕವನ್ನು ಓದಿ ಮುಗಿಸಿದ ಮಗುವಿಗೆ ಏನು ಬರಬೇಕು? ಹೆಸರುಗಳನ್ನು ಹೇಳಲು ಬಂದರೆ ಸಾಕೇ, ಅಥವಾ ಆ ಹೆಸರು ತನಗೆ ಹೇಗೆ ತಿಳಿಯಿತೆಂದು ವಿಚಾರಿಸುವ ಶಕ್ತಿಯೂ ಬರಬೇಕೇ? ಆರರಿಂದ ಎಂಟನೆಯ ತರಗತಿಯ ವರೆಗಿನ ಮೂರು ವರ್ಷಗಳಲ್ಲಿ ಈ ಶಕ್ತಿ ಮೊಳೆಯದಿದ್ದರೆ, ಮುಂದೆ ಪುಸ್ತಕವನ್ನು ಯಾರು ಹೇಗೆ ತಿದ್ದಿದರೂ ಮಗು ಅದನ್ನು ಹಾಗೆಯೇ ನುಂಗುತ್ತದೆ. ಇಂದಿನ ಪುಸ್ತಕವನ್ನು ನಂಬಿದಂತೆ ನಾಳಿನ ವಿರುದ್ಧವಾದ ಪುಸ್ತಕವನ್ನೂ ನಂಬುತ್ತದೆ.

ಈ ವಿಚಾರವನ್ನು ಬರಿಯ ತತ್ತ್ವವಾಗಿ ಹೇಳುವುದಕ್ಕಿಂತ ಒಂದು ಊರನ್ನು ಮುಂದಿಟ್ಟುಕೊಂಡು ನೋಡುವುದು ಒಳಿತು. ಮಂಗಳೂರು ನಗರದ ಕಂಕನಾಡಿ ಇದಕ್ಕೆ ತಕ್ಕ ಸ್ಥಳವಾಗಿದೆ. ಇಲ್ಲಿ ಕೋಟಿ–ಚೆನ್ನಯರ ಗರಡಿಯಿದೆ, ೧೮೮೦ರಲ್ಲಿ ಸೇವೆಯನ್ನಾರಂಭಿಸಿದ ಫಾದರ್ ಮುಲ್ಲರ್ ಅವರ ಹೆಸರಿನ ಆಸ್ಪತ್ರೆಯಿದೆ, ಹೆದ್ದಾರಿಗಳು ಕೂಡುವ ಪಂಪ್‌ವೆಲ್ ಇದೆ. ತುಳು, ಕೊಂಕಣಿ, ಬ್ಯಾರಿ, ಕನ್ನಡ ಮಾತನಾಡುವ ಮನೆಗಳ ಮಕ್ಕಳು ಒಂದೇ ಮಣೆಯ ಮೇಲೆ ಕುಳಿತು ಪಾಠ ಕೇಳುತ್ತಾರೆ. ಇಂತಹ ಮಕ್ಕಳಿಗೆ ಇತಿಹಾಸ ಮತ್ತು ಭೂಗೋಳಗಳನ್ನು ಯಾವ ಗುರಿಯಿಂದ ಕಲಿಸಬೇಕೆಂಬುದು ವಿಚಾರಾರ್ಹವಾದ ವಿಷಯ.

ಹಿಂದಿನ ವಿದ್ಯಾಕ್ರಮ

ನಮ್ಮ ಹಳೆಯ ಮಠಗಳಲ್ಲಿ ಇತಿಹಾಸ, ಭೂಗೋಳ ಎಂಬ ಪ್ರತ್ಯೇಕ ವಿಷಯಗಳು ಇರಲಿಲ್ಲ. ೧೬೨೩ರ ನವೆಂಬರಿನಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರಿಯೊಡನೆ ಕೆಳದಿಯ ವೆಂಕಟಪ್ಪ ನಾಯಕನ ಇಕ್ಕೇರಿಗೆ ಹೊರಟಿದ್ದನು. ದಾರಿಯಲ್ಲಿ ಒಂದು ಗುಡಿಯ ಜಗಲಿಯಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತ ರಾಗವಾಗಿ ಲೆಕ್ಕ ಹೇಳಿಕೊಳ್ಳುತ್ತಿದ್ದುದನ್ನು ಅವನು ಕಂಡನು. ಗುರು ಅಲ್ಲಿರಲಿಲ್ಲ. ತಪ್ಪಿದರೆ ತಿದ್ದುವವರಾರೆಂದು ಕೇಳಲು, ನಾಲ್ವರೂ ಒಟ್ಟಿಗೆ ತಪ್ಪುವುದೆಂತು ಎಂಬ ಅರ್ಥದ ಉತ್ತರ ದೊರೆಯಿತೆಂದು ಅವನು ಬರೆದಿಟ್ಟಿದ್ದಾನೆ. ನೆನಪನ್ನು ಗಟ್ಟಿಮಾಡುವುದು, ಲೆಕ್ಕ ಕೂಡಿಸುವುದು ಆ ವಿದ್ಯೆಯ ಗುರಿ. ಆ ಗುರಿಗೆ ಅದು ತಕ್ಕುದಾಗಿಯೇ ಇದ್ದಿತು.

ಇನ್ನೂರು ವರ್ಷಗಳ ತರುವಾಯ, ೧೮೨೨ರಲ್ಲಿ, ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ ಪ್ರತಿ ಜಿಲ್ಲೆಯ ಶಾಲೆಗಳ ವಿವರವನ್ನು ಕೇಳಿದನು. ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ ೧೮೨೩ರಲ್ಲಿ ಕಳುಹಿಸಿದ ವರದಿಯಲ್ಲಿ ೫೩೩ ಶಾಲೆಗಳ ಲೆಕ್ಕವಿದೆ. ರಾಮಾಯಣ, ಮಹಾಭಾರತ, ಭಾಗವತಗಳು ಎಲ್ಲೆಡೆ ಓದಲ್ಪಡುತ್ತಿದ್ದವೆಂದೂ, ಲಿಂಗಧಾರಿಗಳ ಮಕ್ಕಳು ಬಸವಪುರಾಣ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವೇಶ್ವರ ಪುರಾಣ ಮೊದಲಾದವನ್ನು ಓದುತ್ತಿದ್ದರೆಂದೂ ಅದರಿಂದ ತಿಳಿದುಬರುತ್ತದೆ. ಮಂಗಳೂರನ್ನೊಳಗೊಂಡ ಕೆನರಾ ಜಿಲ್ಲೆಯ ಕಲೆಕ್ಟರನಾದರೋ ಸ್ಥಿರವಾದ ಶಾಲೆಗಳು ಇಲ್ಲಿಲ್ಲವೆಂದೂ, ವಿದ್ಯಾಭ್ಯಾಸವು ಮನೆಗಳಲ್ಲಿ ಖಾಸಗಿಯಾಗಿ ನಡೆಯುವುದೆಂದೂ ತಿಳಿಸಿ, ಸಂಖ್ಯೆಗಳನ್ನೇ ಕೊಡಲಿಲ್ಲ. ಒಂದೇ ಪ್ರಾಂತದ ಎರಡು ಜಿಲ್ಲೆಗಳ ಈ ಅಂತರವೇ ಭೂಗೋಳದ ಒಂದು ಪಾಠ. ಬಯಲುನಾಡಿನಲ್ಲಿ ಜನರು ಗುಂಪಾಗಿ ಊರು ಕಟ್ಟಿಕೊಂಡಿರುತ್ತಾರೆ. ಕರಾವಳಿಯಲ್ಲಿ ಗದ್ದೆ ತೋಟಗಳ ನಡುವೆ ಒಂಟಿ ಮನೆಗಳು. ಮನೆಯಿಂದ ಮನೆಗೆ ದೂರವಿದ್ದೆಡೆ, ಮಳೆಗಾಲದಲ್ಲಿ ಹೊಳೆ ತೋಡುಗಳು ತುಂಬಿ ಹರಿಯುವೆಡೆ, ಊರಿಗೊಂದು ಮಠ ನಿಲ್ಲುವುದು ಸುಲಭವಾಗಿರಲಿಲ್ಲ.

ಹಾಗೆಂದು ಹಿಂದಿನವರಿಗೆ ಚರಿತ್ರೆಯ ಪ್ರಜ್ಞೆ ಇರಲಿಲ್ಲವೆನ್ನುವುದು ಸರಿಯಾಗದು. ಹದಿನೆಂಟನೆಯ ಶತಮಾನದ ಆದಿಯಲ್ಲಿ ಕೆಳದಿಯ ಬಸವಭೂಪಾಲನು ರಚಿಸಿದ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶದಲ್ಲಿ ಭೂಗೋಳದ ವರ್ಣನೆಯೂ ಕೆಳದಿಯ ಅರಸರ ವೃತ್ತಾಂತವೂ ಅಡಕವಾಗಿವೆ. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ ಕನ್ನಡದಲ್ಲಿ ಆ ವಂಶದ ಚರಿತ್ರೆಯನ್ನು ಹೇಳುತ್ತದೆ. ಶಿವಪ್ಪ ನಾಯಕನ ಶಿಸ್ತು ಎಂದು ಹೆಸರಾದ ಕಂದಾಯದ ಏರ್ಪಾಡು ನೆಲದ ಗುಣವನ್ನು ನೋಡಿ, ಫಸಲನ್ನು ಅಳೆದು, ತೆರಿಗೆ ಗೊತ್ತುಮಾಡಿದ ಕ್ರಮ. ಆಳುವವನಿಗೆ ಭೂಗೋಳ ಬೇಕಾಗಿತ್ತು. ಆದರೆ ಅದು ಮರಳಿನ ಮೇಲೆ ಬರೆಯುತ್ತಿದ್ದ ಹುಡುಗರ ಪಾಲಿಗೆ ಬಂದಿರಲಿಲ್ಲ.

ನಕ್ಷೆಯೂ ಇಸವಿಯೂ ಶಾಲೆಗೆ ಬಂದುದು

ಅವು ಶಾಲೆಯೊಳಗೆ ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಎರಡು ವರ್ಷಗಳಲ್ಲಿ ಕನ್ನಡ ಶಾಲೆಯನ್ನು ತೆರೆದರು. ಮುಂದೆ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. ೧೮೪೩ರ ಜುಲೈ ೧ರಂದು ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರತಂದುದೂ, ಅವರ ‘ಬಿಬ್ಲಿಯೊಥಿಕಾ ಕರ್ನಾಟಕ’ ಮಾಲೆಯಲ್ಲಿ ಬಸವಪುರಾಣ, ಚೆನ್ನಬಸವಪುರಾಣಗಳು ಅಚ್ಚಾದುದೂ ಈ ಊರಿನಲ್ಲಿಯೇ. ಓಲೆಯ ಗ್ರಂಥ ಅಚ್ಚಿನ ಪುಸ್ತಕವಾದಂತೆ ಗೋಡೆಯ ಮೇಲೆ ನಕ್ಷೆಯೂ, ಪಾಠದಲ್ಲಿ ಇಸವಿಯೂ ಕಾಣಿಸಿಕೊಂಡವು. ೧೮೫೪ರಲ್ಲಿ ಚಾರ್ಲ್ಸ್ ವುಡ್ ಕಳುಹಿಸಿದ ಶಿಕ್ಷಣ ನಿರೂಪದ ಅನಂತರ ಸರಕಾರದ ಅನುದಾನ, ತಪಾಸಣೆ, ಪರೀಕ್ಷೆಗಳು ಬೆಳೆದವು. ಪರೀಕ್ಷೆಯಲ್ಲಿ ಕೇಳಲು ಇಸವಿ ಸುಲಭ, ಉತ್ತರವನ್ನು ಅಳೆಯಲೂ ಸುಲಭ. ಹೀಗೆ ಸಾಧನವಾಗಿ ಬಂದ ಇಸವಿಯೇ ಗುರಿಯ ಸ್ಥಾನವನ್ನು ಆಕ್ರಮಿಸಿತು. ಹಳೆಯ ಮಠದ ಕಂಠಪಾಠ ಹೊಸ ವಿಷಯದ ವೇಷ ತೊಟ್ಟು ಮುಂದುವರಿಯಿತು.

ಸ್ವಾತಂತ್ರ್ಯಾನಂತರ ಈ ದೋಷವನ್ನು ಕಂಡವರಿಲ್ಲದಿಲ್ಲ. ೧೯೫೨–೫೩ರ ಮೊದಲಿಯಾರ್ ಆಯೋಗ ಇತಿಹಾಸ, ಭೂಗೋಳ, ಪೌರನೀತಿಗಳನ್ನು ಒಂದುಗೂಡಿಸಿ ಸಮಾಜಪಾಠವಾಗಿ ಕಲಿಸುವ ವಿಚಾರವನ್ನು ಎತ್ತಿಹಿಡಿಯಿತು. ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಂಠಪಾಠವನ್ನು ಬಿಟ್ಟು ಶಾಲೆಯ ಹೊರಗಿನ ಬದುಕಿಗೆ ಪಾಠವನ್ನು ಜೋಡಿಸಬೇಕೆಂದಿತು. ೨೦೧೭ರಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ತರಗತಿವಾರಾಗಿ ಕಲಿಕಾ ಫಲಗಳನ್ನು ಪ್ರಕಟಿಸಿತು. ಆರನೆಯ ತರಗತಿಯ ಮಗು ಇತಿಹಾಸದ ಆಧಾರಗಳನ್ನು ಗುರುತಿಸಬೇಕು; ಏಳನೆಯ ತರಗತಿಯ ಮಗು ಒಂದೆಡೆಯ ಬೆಳವಣಿಗೆಯನ್ನು ಇನ್ನೊಂದೆಡೆಯ ಬೆಳವಣಿಗೆಗೆ ಸಂಬಂಧಿಸಬೇಕು, ನೆಲದ ಸ್ಥಿತಿಗೂ ಜೀವನೋಪಾಯಕ್ಕೂ ಇರುವ ನಂಟನ್ನು ವಿವರಿಸಬೇಕು ಎಂಬಂತಹ ಮಾತುಗಳು ಅದರಲ್ಲಿವೆ. ೨೦೨೩ರ ಚೌಕಟ್ಟು ಆರರಿಂದ ಎಂಟರ ವರೆಗಿನ ತರಗತಿಗಳನ್ನು ಮಾಧ್ಯಮಿಕ ಹಂತವೆಂದು ಬೇರೆಯಾಗಿ ಗುರುತಿಸಿತು.

ಗುರಿಗಳು ಕಾಗದದ ಮೇಲೆ ಉತ್ತಮವಾಗಿಯೇ ಇವೆ. ಅವು ಒಂದು ಊರಿನ ನೆಲದ ಮೇಲೆ ಇಳಿದಾಗ ಯಾವ ರೂಪ ತಾಳುತ್ತವೆಂಬುದನ್ನು ಕಂಕನಾಡಿಯಿಂದ ನೋಡಬಹುದು.

ಎಲ್ಲಿಂದ ತಿಳಿಯಿತು?

ಕಂಕನಾಡಿಯಿಂದ ಎರಡು ಮೂರು ಕಿಲೋಮೀಟರುಗಳ ದೂರದಲ್ಲಿ ಕದ್ರಿಯ ಮಂಜುನಾಥ ದೇವಾಲಯವಿದೆ. ಅಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದ ಮೇಲೆ ಅಳುಪ ಅರಸು ಕುಂದವರ್ಮನ ಶಾಸನವಿದೆ. ಕ್ರಿ.ಶ. ೯೬೮ರದೆಂದು ಎಣಿಸಲಾದ ಆ ಶಾಸನ ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಿಸಿದ ಸಂಗತಿಯನ್ನು ಹೇಳುತ್ತದೆ. ವಿಹಾರವೆಂಬ ಮಾತನ್ನು ಹಿಡಿದು ಇದು ಬೌದ್ಧ ಸ್ಥಾನವಾಗಿತ್ತೆಂದು ಕೆಲವರೂ, ನಾಥ ಸಂಪ್ರದಾಯದ ಮತ್ಸ್ಯೇಂದ್ರನಾಥನ ಸಂಬಂಧವನ್ನು ಹಿಡಿದು ಶೈವ ಸ್ಥಾನವೆಂದು ಕೆಲವರೂ ವಾದಿಸಿದ್ದಾರೆ. ೧೬೨೩ರಲ್ಲಿ ದೆಲ್ಲಾ ವಾಲ್ಲೆ ಕದ್ರಿಗೂ ಬಂದು ಜೋಗಿಗಳ ಅರಸನನ್ನು ಕಂಡುದಾಗಿ ಬರೆದಿದ್ದಾನೆ. ಮಂಜೇಶ್ವರದ ಗೋವಿಂದ ಪೈ, ಭಾಸ್ಕರ ಆನಂದ ಸಾಲೆತೊರೆ, ಕೆ. ವಿ. ರಮೇಶ್, ಪಿ. ಗುರುರಾಜ ಭಟ್ಟ ಮೊದಲಾದ ವಿದ್ವಾಂಸರು ತುಳುನಾಡಿನ ಇಂತಹ ಆಧಾರಗಳನ್ನು ತೂಗಿನೋಡಿದವರು.

ಹನ್ನೆರಡು ವರ್ಷದ ಮಗುವಿಗೆ ಈ ವಾದದ ತೀರ್ಪು ಬೇಕಾಗಿಲ್ಲ. ಲೋಹದ ಮೇಲೆ ಕೆತ್ತಿದ ಒಂದು ಮಾತಿದೆ, ಅದರ ಅರ್ಥದ ಬಗ್ಗೆ ಬಲ್ಲವರಲ್ಲಿ ಭೇದವಿದೆ, ಭೇದವಿದ್ದರೂ ಇಬ್ಬರೂ ಅದೇ ಶಾಸನವನ್ನು ಆಧಾರವಾಗಿ ತೋರಿಸಬೇಕಾಗುತ್ತದೆ ಎಂಬಷ್ಟು ಮನದಟ್ಟಾದರೆ ಸಾಕು. ಕಂಕನಾಡಿಗೆ ಸಮೀಪದ ಕುಲಶೇಖರವೆಂಬ ಬಡಾವಣೆಯೂ ಇದೇ ವಿವೇಕವನ್ನು ಕಲಿಸಬಲ್ಲುದು. ಅಳುಪರಲ್ಲಿ ಕುಲಶೇಖರನೆಂಬ ಅರಸನಿದ್ದುದು ನಿಜ. ಹೆಸರು ಒಂದೇ ಆದ ಮಾತ್ರಕ್ಕೆ ಊರಿಗೂ ಅರಸನಿಗೂ ಸಂಬಂಧ ಸಿದ್ಧವಾಗುವುದೇ, ಅದಕ್ಕೆ ಬೇರೆ ಆಧಾರವೇನು ಬೇಕು ಎಂದು ಮಗು ಕೇಳಿದರೆ ಪಾಠ ಸಾರ್ಥಕವಾದಂತೆಯೇ.

ಗರಡಿಯ ವಿಚಾರ ಇನ್ನೊಂದು ಬಗೆಯದು. ಕೋಟಿ–ಚೆನ್ನಯರ ಕಥೆ ಶಾಸನದಲ್ಲಿ ಬಂದುದಲ್ಲ, ಪಾಡ್ದನಗಳಲ್ಲಿ ಬಾಯಿಂದ ಬಾಯಿಗೆ ಬಂದುದು. ಪಂಜೆ ಮಂಗೇಶರಾಯರು ಅದನ್ನು ಕನ್ನಡ ಗದ್ಯದಲ್ಲಿ ಹೇಳಿ ಶಾಲೆಯ ಮಕ್ಕಳಿಗೆ ಎಟುಕುವಂತೆ ಮಾಡಿದರು. ಪಾಡ್ದನ ಇಸವಿಯನ್ನು ಹೇಳದು. ಆದರೆ ಪಡುಮಲೆ, ಪಂಜ, ಎಣ್ಮೂರುಗಳ ನೆಲವನ್ನೂ, ಬಲ್ಲಾಳರ ಆಳ್ವಿಕೆಯನ್ನೂ, ಗೇಯುವವರ ಅಳಲನ್ನೂ ಹೇಳುತ್ತದೆ. ಯಾವ ಆಧಾರದಿಂದ ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು ಎಂಬ ಅಂತರವನ್ನು ಅರಿಯುವುದು ಮಾಧ್ಯಮಿಕ ಹಂತದ ಮೊದಲ ಗುರಿಯಾಗಬೇಕು.

ವಚನ ಸಾಹಿತ್ಯವನ್ನು ಬಲ್ಲವರಿಗೆ ಈ ಕ್ರಮ ಹೊಸದೇನಲ್ಲ. ಒಂದು ವಚನ ಯಾರದೆಂದು ನಿರ್ಧರಿಸಲು ಅಂಕಿತವನ್ನು ನೋಡುತ್ತಾರೆ, ಓಲೆಯ ಪ್ರತಿಗಳನ್ನು ಹೋಲಿಸುತ್ತಾರೆ, ಭಾಷೆಯ ಹಳಮೆಯನ್ನು ಪರಿಶೀಲಿಸುತ್ತಾರೆ. ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿ ಪೂಜೆಗೊಳ್ಳುತ್ತಿದ್ದ ಓಲೆಗಟ್ಟುಗಳನ್ನು ಸಂಗ್ರಹಿಸಿ ೧೯೨೩ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಪ್ರಕಟಿಸಿದರು. ಭಕ್ತಿಯಿಂದ ಪೂಜಿಸುವ ಗ್ರಂಥವನ್ನೇ ಪಾಠಾಂತರಗಳೊಡನೆ ಪರೀಕ್ಷಿಸುವುದರಿಂದ ಭಕ್ತಿಗೆ ಕುಂದು ಬರಲಿಲ್ಲ. ಶರಣರ ಮಾತು ಶುದ್ಧರೂಪದಲ್ಲಿ ಉಳಿಯಿತು. ಪಂಡಿತರು ವಚನಕ್ಕೆ ತೋರುವ ಈ ನಿಷ್ಠೆಯನ್ನು ಮಗು ತನ್ನ ಊರಿನ ಕಥೆಗೆ ತೋರುವಂತಾಗಬೇಕು.

ಕಾಲ–ದೇಶಗಳ ಜೋಡಣೆ

ಎರಡನೆಯ ಗುರಿ ಕಾಲವನ್ನೂ ದೇಶವನ್ನೂ ಒಟ್ಟಿಗೆ ಕಾಣುವುದು. ಪುಸ್ತಕದಲ್ಲಿ ಕಲ್ಯಾಣದ ಪಾಠ ಒಂದು ಅಧ್ಯಾಯದಲ್ಲಿದ್ದರೆ ಅರಬ್ಬಿ ಸಮುದ್ರದ ವ್ಯಾಪಾರ ಇನ್ನೊಂದರಲ್ಲಿರುತ್ತದೆ. ಮಗು ಅವೆರಡೂ ಬೇರೆ ಬೇರೆ ಲೋಕಗಳೆಂದು ತಿಳಿಯುತ್ತದೆ. ವಾಸ್ತವದಲ್ಲಿ, ಸುಮಾರು ೧೧೩೨ರಿಂದ ೧೧೪೯ರ ವರೆಗೆ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ಮಂಗಳೂರಿನಲ್ಲಿ ನೆಲೆಸಿದ್ದನು. ಉತ್ತರ ಆಫ್ರಿಕದ ಇಂದಿನ ಟುನೀಸಿಯದಿಂದ ಏಡನ್ ಮಾರ್ಗವಾಗಿ ಬಂದ ಅವನು ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದನು. ಮೆಣಸು, ಅಡಿಕೆ, ಕಬ್ಬಿಣಗಳ ವ್ಯವಹಾರ ಮಾಡಿದನು. ಅವನ ಪತ್ರಗಳು ಕೈರೋ ನಗರದ ಒಂದು ಯೆಹೂದಿ ಪ್ರಾರ್ಥನಾಮಂದಿರದ ಹಳೆಯ ಕಾಗದಗಳ ಕೋಣೆಯಲ್ಲಿ ಉಳಿದು ನಮ್ಮ ಕಾಲಕ್ಕೆ ದೊರೆತವು. ಬಸವಣ್ಣನವರ ಬಾಲ್ಯ–ತಾರುಣ್ಯಗಳ ವರ್ಷಗಳೂ ಅವೇ. ಘಟ್ಟದ ಮೇಲೆ ಕಾಯಕಜೀವಿಗಳು ಅನುಭಾವದ ಮಾತನ್ನಾಡಲು ಅಣಿಯಾಗುತ್ತಿದ್ದಾಗ, ಘಟ್ಟದ ಕೆಳಗೆ ಕಂಚುಗಾರನ ಕೈಕೆಲಸ ಹಡಗೇರಿ ಏಡನ್ನಿಗೆ ಹೋಗುತ್ತಿದ್ದಿತು.

ಹಡಗು ಯಾವಾಗ ಹೋಗುತ್ತಿತ್ತು, ಯಾವಾಗ ಬರುತ್ತಿತ್ತು ಎಂದು ಕೇಳಿದೊಡನೆ ಇತಿಹಾಸ ಭೂಗೋಳವಾಗುತ್ತದೆ. ನೈಋತ್ಯ ಮಾರುತದ ಬಿರುಸು ತಗ್ಗುವ ಹೊತ್ತಿಗೆ ಅರಬರ ನೌಕೆಗಳು ಈ ತೀರವನ್ನು ಮುಟ್ಟುತ್ತಿದ್ದವು. ಈಶಾನ್ಯದ ಗಾಳಿ ಬೀಸತೊಡಗಿದಾಗ ಮರಳುತ್ತಿದ್ದವು. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ ಪಾರಸ ಮತ್ತು ಯೆಮನಿನ ವರ್ತಕರು ಇಳಿಯುವ ರೇವೆಂದು ಮಂಗಳೂರನ್ನು ವರ್ಣಿಸಿ, ಮೆಣಸು ಶುಂಠಿಗಳ ಸಮೃದ್ಧಿಯನ್ನು ಹೇಳಿದ್ದಾನೆ. ಮಗು ತನ್ನ ಮನೆಯ ಮಾಡಿನ ಮೇಲೆ ಜೂನಿನಲ್ಲಿ ಬಡಿಯುವ ಮಳೆಗಾಳಿಯೇ ಊರಿಗೆ ಇಷ್ಟು ಭಾಷೆಗಳನ್ನೂ ಮತಗಳನ್ನೂ ತಂದ ಗಾಳಿಯೆಂದು ಕಾಣುವುದು ಚಿಕ್ಕ ಸಂಗತಿಯಲ್ಲ.

ನೆಲ, ನೀರು, ಕಾಯಕ

ಮೂರನೆಯ ಗುರಿ ನೆಲಕ್ಕೂ ದುಡಿಮೆಗೂ ಇರುವ ಸಂಬಂಧವನ್ನರಿಯುವುದು. ಮಂಗಳೂರಿನಲ್ಲಿ ವರ್ಷಕ್ಕೆ ೩,೫೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಚಳ್ಳಕೆರೆಯ ಕಡೆ ೬೦೦ ಮಿಲಿಮೀಟರೂ ಆಗದು. ನಡುವೆ ನಿಂತಿರುವುದು ಘಟ್ಟ. ಕುದುರೆಮುಖದ ಸಾಲಿನಲ್ಲಿ ಹುಟ್ಟಿದ ನೇತ್ರಾವತಿ ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಅಳಿವೆಯ ಬಳಿ ಫಲ್ಗುಣಿಯೊಡನೆ ಸಮುದ್ರ ಸೇರುತ್ತದೆ. ಹೊಳೆ ತಂದ ಜೇಡಿಮಣ್ಣು, ಘಟ್ಟದ ತಪ್ಪಲಿನ ಸೌದೆ, ರೇವಿನ ಹಡಗು ಈ ಮೂರೂ ಒದಗಿದುದರಿಂದಲೇ ೧೮೬೦ರ ದಶಕದಲ್ಲಿ ಕಂಕನಾಡಿಗೆ ನೆರೆಯ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ ನಿಂತಿತು. ಮಂಗಳೂರು ಹಂಚು ದೂರದೇಶಗಳ ಮಾಡುಗಳನ್ನೇರಿತು. ಮನೆಯ ಗೋಡೆಯ ಮುರಕಲ್ಲು ಸಹ ಒಂದು ಪಾಠವೇ. ೧೮೦೦–೦೧ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ನೆಲದಲ್ಲಿ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲಿಗೆ ಇಟ್ಟಿಗೆಯೆಂಬರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂಬ ಹೆಸರನ್ನಿಟ್ಟನು. ಇಂದು ಜಗತ್ತಿನ ಭೂವಿಜ್ಞಾನವೆಲ್ಲ ಆ ಹೆಸರನ್ನೇ ಬಳಸುತ್ತದೆ.

ಊರಿನ ಮಾತುಗಳಲ್ಲಿಯೇ ಭೂಗೋಳವಿದೆ. ನೀರು ನಿಲ್ಲುವ ತಗ್ಗಿನ ಗದ್ದೆ ಬೈಲು, ಅದಕ್ಕಿಂತ ಎತ್ತರದ್ದು ಮಜಲು, ಮಳೆಯನ್ನೇ ನಂಬಿದ ಮೇಲಿನದು 	ಬೆಟ್ಟು. ಹೊಳೆಯ ನಡುಗಡ್ಡೆ ಕುದ್ರು, ಮುರಕಲ್ಲಿನ ಬಯಲು ಪದವು. ಊರಿನ ಹೆಸರುಗಳಲ್ಲಿ ಈ ಪದಗಳನ್ನು ಹುಡುಕಿ ನಕ್ಷೆಯ ಮೇಲೆ ಗುರುತಿಸಿದ ಮಗುವಿಗೆ, ಮಳೆಗಾಲದಲ್ಲಿ ಯಾವ ಬಡಾವಣೆಯಲ್ಲಿ ನೀರು ನುಗ್ಗುತ್ತದೆ, ಏಕೆ ನುಗ್ಗುತ್ತದೆ ಎಂಬುದು ಯಾರೂ ಹೇಳದೆ ಹೊಳೆಯುತ್ತದೆ. ಬೈಲನ್ನು ತುಂಬಿಸಿ ಕಟ್ಟಡ ಕಟ್ಟಿದವರು ಮರೆತ ಮಾತನ್ನು ಅದು ನೆನಪಿಟ್ಟುಕೊಳ್ಳುತ್ತದೆ.

ಅರಸರ ವಂಶಾವಳಿಯಷ್ಟನ್ನೇ ಇತಿಹಾಸವೆಂದು ತಿಳಿಯುವ ಅಭ್ಯಾಸವೂ ಇಲ್ಲಿ ಬಿಟ್ಟುಹೋಗಬೇಕು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಮೊದಲಾದ ಶರಣರ ಹೆಸರಿನ ಮುಂದೆಯೇ ಅವರ ಕಾಯಕ ನಿಂತಿದೆ. ಹನ್ನೆರಡನೆಯ ಶತಮಾನದ ದುಡಿಯುವ ಜನರ ಹೆಸರುಗಳು ಹೀಗೆ ಉಳಿದುಬಂದುದು ಚರಿತ್ರೆಯ ದೃಷ್ಟಿಯಿಂದ ಅಪೂರ್ವ ಸಂಗತಿ. ಹಂಚು ಸುಟ್ಟವರು, ದೋಣಿ ನಡೆಸಿದವರು, ಬೀಡಿ ಕಟ್ಟಿದವರು, ೧೮೯೦ರಲ್ಲಿ ಕಂಕನಾಡಿಯಲ್ಲಿ ತೆರೆದ ಕುಷ್ಠಾಶ್ರಮದಲ್ಲಿ ರೋಗಿಗಳ ಹುಣ್ಣು ತೊಳೆದವರು, ಇವರ ವೃತ್ತಾಂತವನ್ನು ಮನೆಯ ಹಿರಿಯರಿಂದ ಕೇಳಿ ಬರೆದು ತರುವ ಮಗು ಇತಿಹಾಸಕಾರನ ಕೆಲಸವನ್ನೇ ಮಾಡಿದಂತಾಗುತ್ತದೆ.

ಗಡಿಗಳು ಮನುಷ್ಯಕೃತವೆಂಬ ಅರಿವು

ಭೂಗೋಳದ ನಕ್ಷೆಯಲ್ಲಿ ಹೊಳೆಯ ಗೆರೆಯೂ ರಾಜ್ಯದ ಗೆರೆಯೂ ಒಂದೇ ಪುಟದಲ್ಲಿರುವುದರಿಂದ ಎರಡೂ ಒಂದೇ ಬಗೆಯವೆಂಬ ಭ್ರಮೆ ಹುಟ್ಟುವುದುಂಟು. ೧೭೯೯ರಲ್ಲಿ ಟಿಪ್ಪುವಿನ ಪತನಾನಂತರ ಕಂಪನಿಯ ವಶವಾದ ಕೆನರಾ ಮದರಾಸು ಪ್ರಾಂತಕ್ಕೆ ಸೇರಿತು. ೧೮೬೨ರಲ್ಲಿ ಅದರ ಉತ್ತರಭಾಗವು ಮುಂಬಯಿ ಪ್ರಾಂತಕ್ಕೆ ಹೋಯಿತು. ೧೯೫೬ರ ನವೆಂಬರ್ ೧ರಂದು ಮಂಗಳೂರು ವಿಶಾಲ ಮೈಸೂರಿಗೆ ಸೇರಲು, ಕಾಸರಗೋಡು ಕೇರಳದ ಪಾಲಾಯಿತು. ೧೯೯೭ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ಕಂಕನಾಡಿಯಿಂದ ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿರುವ ತಲಪಾಡಿಯನ್ನು ದಾಟಿದರೆ, ಅಲ್ಲಿನ ಮಗುವೂ ಕನ್ನಡದಲ್ಲಿಯೇ ಪಾಠ ಓದುತ್ತದೆ. ಆದರೆ ಅದರ ಸಮಾಜ ವಿಜ್ಞಾನದ ಪುಸ್ತಕ ಕೇರಳದ ಪಠ್ಯಕ್ರಮದ್ದು. ಮಳೆ ಒಂದೇ, ಮುರಕಲ್ಲು ಒಂದೇ, ಯಕ್ಷಗಾನ ಒಂದೇ. ಪುಸ್ತಕ ಮಾತ್ರ ಬೇರೆ. ಈ ಎರಡು ಪುಸ್ತಕಗಳನ್ನು ಎದುರುಬದುರಾಗಿಟ್ಟು ಓದಿಸಿದರೆ, ಪಠ್ಯಪುಸ್ತಕವೂ ಒಂದು ಕಾಲದಲ್ಲಿ ಒಂದು ಸರಕಾರ ಮಾಡಿಸಿದ ಬರಹವೆಂಬುದು ಮಗುವಿಗೆ ತಾನಾಗಿಯೇ ತಿಳಿಯುತ್ತದೆ.

ನೋವಿನ ಇತಿಹಾಸ

ಕೊನೆಯ ಗುರಿ ಎಲ್ಲಕ್ಕಿಂತ ಕಠಿಣವಾದುದು. ೧೭೮೪ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹು ಜನ ಮಡಿದರು. ಉಳಿದವರು ೧೭೯೯ರ ಮೇಲೆ ಮರಳಿದರು. ಕಂಕನಾಡಿಯ ಸುತ್ತಲಿನ ಅನೇಕ ಮನೆತನಗಳಲ್ಲಿ ಆ ನೆನಪು ಇನ್ನೂ ಆರಿಲ್ಲ. ಸೆರೆಯಾದವರ ಸಂಖ್ಯೆಯ ಬಗ್ಗೆ ಆಧಾರಗಳು ಒಂದನ್ನೊಂದು ಒಪ್ಪುವುದಿಲ್ಲ. ಘಟನೆ ನಡೆದುದರಲ್ಲಿ ಸಂದೇಹವಿಲ್ಲ. ೧೭೯೧ರಲ್ಲಿ ಮರಾಠಾ ಸೈನ್ಯದವರಿಂದ ಶೃಂಗೇರಿಯ ಮಠ ಲೂಟಿಯಾದಾಗ ಅದೇ ಸುಲ್ತಾನನು ಸ್ವಾಮಿಗಳಿಗೆ ಗೌರವದಿಂದ ಕನ್ನಡದಲ್ಲಿ ಪತ್ರ ಬರೆಸಿ ನೆರವಾದುದಕ್ಕೂ ದಾಖಲೆಗಳಿವೆ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಅದು ಇತಿಹಾಸವಾಗದು. ಎರಡನ್ನೂ ಹೇಳಿದ ಮೇಲೆ, ಇಂದು ಪಕ್ಕದಲ್ಲಿ ಕುಳಿತ ಸಹಪಾಠಿಯು ಅಂದಿನ ಯಾವ ಕೃತ್ಯಕ್ಕೂ ಹೊಣೆಯಲ್ಲವೆಂಬುದನ್ನು ತಿಳಿಸದಿದ್ದರೆ ಅದು ವಿದ್ಯೆಯಾಗದು.

೧೮೩೭ರ ಹೋರಾಟವೂ ಇಂತಹ ವಿವೇಚನೆಯನ್ನು ಬೇಡುತ್ತದೆ. ವೀರಶೈವರಾದ ಹಾಲೇರಿ ಅರಸರ ಕೊಡಗನ್ನು ೧೮೩೪ರಲ್ಲಿ ಬ್ರಿಟಿಷರು ವಶಪಡಿಸಿಕೊಂಡು, ಅದರ ಕೆಳಘಟ್ಟದ ಅಮರ–ಸುಳ್ಯ ಮಾಗಣೆಗಳನ್ನು ಕೆನರಾಕ್ಕೆ ಸೇರಿಸಿದರು. ಧಾನ್ಯದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೊಡಬೇಕಾಗಿ ಬಂದುದು ರೈತರನ್ನು ಕಂಗೆಡಿಸಿತು. ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಹೊರಟ ದಂಡು ೧೮೩೭ರ ಏಪ್ರಿಲ್ ೫ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಧ್ವಜವನ್ನೇರಿಸಿ ಹದಿಮೂರು ದಿನ ಊರನ್ನು ಹಿಡಿದಿತ್ತು. ಇದನ್ನು ಬಹುಕಾಲ ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ದಂಗೆಯಂತೆ ಕರೆದರು. ಈಗ ‘ಅಮರ ಸುಳ್ಯದ ಸ್ವಾತಂತ್ರ್ಯ ಸಮರ’ವೆನ್ನುತ್ತಾರೆ. ಘಟನೆ ಒಂದೇ ಇದ್ದು ಹೆಸರು ಬದಲಾದಾಗ ನೋಡುವ ಕಣ್ಣು ಬದಲಾಗಿದೆಯೆಂದು ಗುರುತಿಸುವುದನ್ನು ಎಂಟನೆಯ ತರಗತಿಯ ಮಗು ಕಲಿಯಬಲ್ಲುದು.

ಆಚರಣೆಯ ತೊಡಕುಗಳು

ಇವೆಲ್ಲ ಹೇಳಲು ಸುಲಭ, ಮಾಡಲು ಕಷ್ಟವೆಂಬ ಆಕ್ಷೇಪ ಬಾರದಿರದು. ಅದರಲ್ಲಿ ಹುರುಳಿದೆ. ವರ್ಷದೊಳಗೆ ಪಾಠ ಮುಗಿಸುವ ಹೊಣೆ ಅಧ್ಯಾಪಕರ ಮೇಲಿದೆ. ಪಾಠಕ್ಕೆ ಹೊರತಾದ ಕೆಲಸಗಳೂ ಅವರಿಗೆ ಕಡಿಮೆಯಿಲ್ಲ. ಪ್ರಶ್ನೋತ್ತರಗಳನ್ನು ಬರೆಯಿಸಿ ಬಾಯಿಪಾಠ ಮಾಡಿಸುವುದು ಹಲವೆಡೆ ಅನಿವಾರ್ಯವಾಗಿಬಿಟ್ಟಿದೆ. ಕಂಠಪಾಠವನ್ನು ಹಳಿಯುವುದೂ ಸರಿಯಲ್ಲ. ಪಾಡ್ದನ ಉಳಿದುದು ನೆನಪಿನ ಬಲದಿಂದಲೇ. ಇಸವಿಗಳು ಗೋಡೆಯ ಗೂಟಗಳಿದ್ದಂತೆ. ಗೂಟವಿಲ್ಲದೆ ಏನನ್ನೂ ತೂಗುಹಾಕಲಾಗದು, ಬರಿಯ ಗೂಟಗಳಿದ್ದರೂ ಪ್ರಯೋಜನವಿಲ್ಲ.

ಆದುದರಿಂದ ಬೇಕಾದುದು ದೊಡ್ಡ ಸುಧಾರಣೆಯಲ್ಲ. ಒಂದು ಪಾಠಕ್ಕೆ ಒಂದು ಪ್ರಶ್ನೆಯನ್ನಾದರೂ ‘ಇದು ಹೇಗೆ ತಿಳಿಯಿತು?’ ಎಂದು ಕೇಳಬಹುದು. ವರ್ಷಕ್ಕೊಮ್ಮೆ ಕದ್ರಿಗೋ ಬಾವುಟಗುಡ್ಡೆಗೋ ನೇತ್ರಾವತಿಯ ದಂಡೆಗೋ ನಡೆದುಹೋಗಬಹುದು. ಪಂಪ್‌ವೆಲ್‌ಗೆ ಆ ಹೆಸರೇಕೆ ಬಂತು, ಕಂಕನಾಡಿಯೆಂದು ಕರೆಸಿಕೊಳ್ಳುತ್ತಿದ್ದ ರೈಲು ನಿಲ್ದಾಣ ಮಂಗಳೂರು ಜಂಕ್ಷನ್ ಆದುದೇಕೆ ಎಂದು ಮನೆಯವರನ್ನು ಕೇಳಿ ಬರುವಂತೆ ಹೇಳಬಹುದು. ಎರಡು ಮನೆಗಳಿಂದ ಎರಡು ಉತ್ತರ ಬಂದರೆ ಅಧ್ಯಾಪಕರು ಸಂತೋಷಪಡಬೇಕು. ಪಾಠ ಅಲ್ಲಿಂದಲೇ ಆರಂಭವಾಗುತ್ತದೆ. ಪರೀಕ್ಷೆಯಲ್ಲಿ ಐದು ಅಂಕಗಳನ್ನು ಇಂತಹ ಕೆಲಸಕ್ಕೆ ಮೀಸಲಿಟ್ಟರೆ ಮಕ್ಕಳೂ ಪೋಷಕರೂ ಅದನ್ನು ಗಂಭೀರವಾಗಿ ಗಣಿಸುವರು.

ಮಹಾಪುರುಷರ ಪಾಠವು ಪುಸ್ತಕದಲ್ಲಿ ಸರಿಯಾಗಿರಬೇಕೆಂದು ಹಂಬಲಿಸುವವರು ಈ ಗುರಿಗೂ ಅಷ್ಟೇ ಆಸ್ಥೆ ತೋರಬೇಕು. ಬಸವಣ್ಣನವರ ವಿಚಾರ ಪುಸ್ತಕದಲ್ಲಿ ಅಪಾರ್ಥವಾಗಿ ಬಂದಾಗ ಅದನ್ನು ಕಂಡುಹಿಡಿದವರು ಮೂಲ ವಚನಗಳನ್ನೂ ಶಾಸನಗಳನ್ನೂ ಓದಿ ಬಲ್ಲವರು. ಅಂತಹ ಓದುಗರು ಮುಂದಿನ ತಲೆಮಾರಿನಲ್ಲಿಯೂ ಇರಬೇಕಾದರೆ, ಅವರು ಈಗ ಕಂಕನಾಡಿಯಂತಹ ಊರುಗಳ ಆರನೆಯ ತರಗತಿಯಲ್ಲಿ ಕುಳಿತಿದ್ದಾರೆಂಬುದನ್ನು ಹಿರಿಯರು ಮನಗಾಣುವುದು ಅವಶ್ಯ.